ಕೊಪ್ಪಳ ಸೀಮೆಯ ಪಟ್ಟಾ ಜಮೀನಿನಲ್ಲಿ ತೋಳ, ಚಿಗರಿಗೆ ಜಾಗ ಬಿಡುವುದು: ಎಲ್ಲಿಂದ ಶುರು ಮಾಡಬೇಕು?

ಮಸಾರಿಹೊಲ:
ನಾಲ್ಕು ಮನೆತನದ ಜಮೀನು, ಒಂದಕ್ಕೊಂದು ಹತ್ತಿಕೊಂಡು 62 ಎಕರೆ. ಯಲಬುರ್ಗಾ ಕಡೆ, ಮಳೆ ನಂಬಿದ ಮಸಾರಿ (ಕೆಂಪು ಮಣ್ಣಿನ) ಭೂಮಿ. 38 ಎಕರೆಯಲ್ಲಿ ಸಜ್ಜೆ, ಶೇಂಗಾ, ಹುರುಳಿ. ಉಳಿದ 24 ಎಕರೆ ಕಲ್ಲುದಿಣ್ಣೆ, ಹಳ್ಳದ ದಂಡೆ, ಬಳ್ಳಾರಿ ಜಾಲಿ ಕಂಟಿ. ಚಿಗರಿ, ಅಂದರೆ ಕೃಷ್ಣಮೃಗ, ವರ್ಷವಿಡೀ ಇರುತ್ತವೆ. ಬಾಲದ ತುದಿ ಕಪ್ಪಿರುವ ಸಣ್ಣ ನರಿ ಇದೆ. ಚಳಿಗಾಲದಲ್ಲಿ ಹಳ್ಳದ ಕೊರಕಲಿನಲ್ಲಿ ತೋಳ ಮರಿ ಹಾಕುತ್ತದೆ. ಆ 24 ಎಕರೆಯನ್ನು ಪ್ರಾಣಿಗಳಿಗೇ ಬಿಡಲು ನಾಲ್ಕೂ ಮನೆಯವರು ಒಪ್ಪಿದ್ದಾರೆ. ಸಮುದಾಯ ಮೀಸಲು ಅಂತ ಸರ್ಕಾರದಿಂದ ಘೋಷಣೆ ಮಾಡಿಸಬೇಕೆ? ಸುತ್ತ ಬೇಲಿ ಹಾಕಬೇಕೆ? ನೀರಿನ ತೊಟ್ಟಿ ಕಟ್ಟಬೇಕೆ? ಸಸಿ ನೆಡಲು ದುಡ್ಡು ಕೊಡುತ್ತೇವೆ ಅಂತ ಒಂದಿಬ್ಬರು ಮುಂದೆ ಬಂದಿದ್ದಾರೆ. ತಿಳಿದವರು ಹೇಳಿ.

ಕಡತದಕಟ್ಟು:
ಘೋಷಣೆಯ ಪ್ರಶ್ನೆಗೆ ಮಾತ್ರ ನನ್ನ ಉತ್ತರ. ಕಾಯ್ದೆಯಲ್ಲಿ ದಾರಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಮಾಡಿ 2003ರಿಂದ ಜಾರಿಗೆ ತಂದ ತಿದ್ದುಪಡಿಯಲ್ಲಿ 36ಸಿ ಕಲಂ ಬಂತು. ಮಾಲೀಕರೋ ಊರವರೋ ತಾವಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ಸಮುದಾಯ ಮೀಸಲು ಎಂದು ರಾಜ್ಯ ಸರ್ಕಾರ ಘೋಷಿಸಬಹುದು. ತುಮಕೂರು ಜಿಲ್ಲೆಯ ಜಯಮಂಗಲಿ ಕೃಷ್ಣಮೃಗ ಮೀಸಲನ್ನು ಇದರ ಜೊತೆ ಕಲಸಬೇಡಿ. ಅದು 36ಎ ಕೆಳಗಿನ ಸಂರಕ್ಷಣಾ ಮೀಸಲು, ಸರ್ಕಾರದ ಜಮೀನಿಗೆ ಇರುವ ದಾರಿ. ನಿಮಗೆ ಹತ್ತಿರದ ಉದಾಹರಣೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು, 2007ರದ್ದು. ಆದರೆ ಅಲ್ಲಿರುವುದು ಊರೊಳಗಿನ ಹುಣಸೆಮರದಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ, ಕೊಕ್ಕರೆ. ಕುರಿ ಹೊತ್ತೊಯ್ಯುವ ತೋಳ ಅಲ್ಲ.

ಖಾಸಗಿ ಜಮೀನಾದರೆ ಆಡಳಿತ ಸಮಿತಿಯಲ್ಲಿ ಮಾಲೀಕರು, ಅರಣ್ಯ ಅಥವಾ ವನ್ಯಜೀವಿ ಇಲಾಖೆಯ ಒಬ್ಬ ಪ್ರತಿನಿಧಿ, ಪಂಚಾಯಿತಿಯ ಪ್ರತಿನಿಧಿ ಇರಬೇಕು ಎಂದು 2022ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಅಧಿಸೂಚನೆ ಹೊರಬಿದ್ದ ಮೇಲೆ ಭೂ ಬಳಕೆ ಬದಲಿಸಬೇಕಾದರೆ ಸಮಿತಿಯ ಠರಾವೂ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ನಾಲ್ಕು ಮನೆಯಲ್ಲಿ ಒಂದು ಮನೆಗೆ ಮಗಳ ಮದುವೆಗೋ ಆಸ್ಪತ್ರೆಗೋ ಎರಡು ಎಕರೆ ಮಾರುವ ಪ್ರಸಂಗ ಬಂತು ಅನ್ನಿ, ಕೊಳ್ಳುವವನು ಅಧಿಸೂಚನೆ ನೋಡಿ ಹಿಂದೆ ಸರಿಯುತ್ತಾನೆ. ಅಲ್ಲಿಂದ ಜಗಳ ಶುರು. ಹಾಗಾಗಿ ಮೊದಲ 3 ವರ್ಷ ನಿಮ್ಮ ನಿಮ್ಮಲ್ಲೇ ಒಪ್ಪಂದ ಬರೆದುಕೊಳ್ಳಿ. ಘೋಷಣೆ ಆಮೇಲೆ ನೋಡೋಣ.

ಆ ಒಪ್ಪಂದಕ್ಕೆ "ಗುತ್ತಿಗೆ", "ಗೇಣಿ" ಎಂಬ ಹೆಸರು ಕೊಡಬೇಡಿ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಕೆಲವು ವಿನಾಯಿತಿ ಬಿಟ್ಟು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ತಡೆಯುತ್ತದೆ. ಹೊರಗಿನ ಸಂಸ್ಥೆ ಯಾವುದಾದರೂ ಸೇರಿಕೊಂಡರೆ ಸ್ವಾಧೀನ ಮಾಲೀಕನ ಹತ್ತಿರವೇ ಇದೆ, ಅವನು ಮಾಡುವ ಕೆಲಸಕ್ಕೆ ಮಾತ್ರ ಹಣ ಎಂದು ಬರೆಸಿ. ಬೆಳೆ ಸಮೀಕ್ಷೆಯಲ್ಲಿ 24 ಎಕರೆಯನ್ನು ಇದ್ದದ್ದು ಇದ್ದ ಹಾಗೆ ಬೀಳು ಎಂದೇ ಬರೆಸಿ. ಬೆಳೆ ಇದೆ ಎಂದು ಬರೆಸಿ ವಿಮೆ ಕಟ್ಟಿದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೀರಿ. ಒಂದೇ ಸರ್ವೆ ನಂಬರಿನಲ್ಲಿ ಹೊಲವೂ ಬೀಳೂ ಇದ್ದರೆ ಎಷ್ಟು ಗುಂಟೆ ಯಾವುದು ಎಂದು ಪಹಣಿಗೆ ಹೊಂದುವಂತೆ ಕೈನಕ್ಷೆ ಬರೆದಿಡಿ. ಸಾಲದ ನವೀಕರಣಕ್ಕೆ ಹೋದಾಗ ಬೇಕಾಗುತ್ತದೆ.

ಹಂಚಿಕಡ್ಡಿ:
ಸಸಿಗೆ ದುಡ್ಡು ಕೊಡುವವರಿಗೆ ಕೈಮುಗಿದು ಕಳಿಸಿಬಿಡಿ. ಚಿಗರಿ ಬಯಲಿನ ಪ್ರಾಣಿ. ದೂರದಿಂದಲೇ ನೋಡಿ ಓಡುವುದೇ ಅದರ ರಕ್ಷಣೆ. ಮರ ದಟ್ಟವಾದರೆ ಅದಕ್ಕೆ ಕಣ್ಣು ಕಟ್ಟಿದ ಹಾಗೆ. ರಾಣೆಬೆನ್ನೂರು ಅಭಯಾರಣ್ಯ 1974ರಿಂದ ಇದೆ, 119 ಚದರ ಕಿ.ಮೀ. ಅದರ ಬಹುಭಾಗ ನೀಲಗಿರಿ ನೆಡುತೋಪು, ಚಿಗರಿ ಮಾತ್ರ ಸುತ್ತಲಿನ ಹೊಲದಲ್ಲಿ. ಸಿರುಗುಪ್ಪದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೂ ಬೇಕಾದದ್ದು ಇದೇ ಬಯಲು. ಅದರ ಸಂಖ್ಯೆ ಈಗ ಬೆರಳೆಣಿಕೆಗೆ ಬಂದು ನಿಂತಿದೆ.

ನಿಮ್ಮ ಮೊದಲ ಕೆಲಸ ಬಳ್ಳಾರಿ ಜಾಲಿ. ಅದನ್ನೂ ಪೂರ್ತಿ ತೆಗೆಯಬೇಡಿ. ಹಳ್ಳದ ದಂಡೆಯ 6 ಎಕರೆ ಕಂಟಿ ಹಾಗೇ ಇರಲಿ, ಹಗಲು ಹೊತ್ತು ತೋಳಕ್ಕೂ ಕತ್ತೆಕಿರುಬಕ್ಕೂ ನೆರಳು ಅದೇ. ಉಳಿದ 18 ಎಕರೆಯನ್ನು ವರ್ಷಕ್ಕೆ 6 ಎಕರೆಯಂತೆ ಮೂರು ವರ್ಷದಲ್ಲಿ ತೆರವು ಮಾಡಿ.

ಕಾಂಡವನ್ನು ನೆಲದ ಮಟ್ಟಕ್ಕೆ ಕಡಿದರೆ ಒಂದು ಕಡೆ ಹತ್ತು ಕೊಂಬೆ ಚಿಗುರುತ್ತದೆ. ಚಿಗುರುವ ಕಣ್ಣುಗಳೆಲ್ಲ ಇರುವುದು ಬೇರು, ಕಾಂಡ ಸೇರುವ ಗಂಟಿನಲ್ಲಿ, ಮಣ್ಣಿನ ಕೆಳಗೆ. ಮೇಲಿನ ಕಂಟಿಯನ್ನು ಫೆಬ್ರವರಿ, ಮಾರ್ಚ್‌ನಲ್ಲಿ, ಕಾಯಿ ಹಣ್ಣಾಗುವ ಮೊದಲೇ ಕಡಿದು ಒಯ್ಯಿರಿ. ಜೂನ್‌ನ ಮೊದಲ ಹದ ಮಳೆಗೆ ಮಣ್ಣು ಮೆತ್ತಗಾದಾಗ ಬುಡದ ಸುತ್ತ ಒಂದಡಿ ಬಗೆದು, ಗಂಟಿನ ಕೆಳಗೆ 20-30 ಸೆಂ.ಮೀ. ಆಳದಲ್ಲಿ ಬೇರು ಕತ್ತರಿಸಿ ಗಂಟನ್ನೇ ಹೊರಗೆ ತೆಗೆಯಬೇಕು. ಬೇಸಿಗೆಯಲ್ಲಿ ಮಸಾರಿ ನೆಲ ಕಲ್ಲಾಗಿರುತ್ತದೆ, ಕೂಲಿಯವರು ಮೇಲೆ ಮೇಲೆ ಕಡಿದು ಹೋಗುತ್ತಾರೆ, ಅವರನ್ನು ಬೈದು ಉಪಯೋಗವಿಲ್ಲ. ಜೆಸಿಬಿ ತರಿಸಲೇಬೇಡಿ. ಅದು ಹುಲ್ಲಿನ ಗಡ್ಡೆಯನ್ನೂ ಮಗುಚಿ ಹಾಕುತ್ತದೆ, ಮಣ್ಣಲ್ಲಿ ಕೂತಿದ್ದ ಜಾಲಿ ಬೀಜವೆಲ್ಲ ಮುಂದಿನ ಮಳೆಗೆ ಚಾಪೆ ಹಾಸಿದಂತೆ ಮೊಳೆಯುತ್ತದೆ. ತೆಗೆದ ಜಾಗಕ್ಕೆ ಮೂರು ವರ್ಷ, ಪ್ರತಿ ಆಗಸ್ಟಿನಲ್ಲಿ ಹೋಗಿ ಬೆರಳುದಪ್ಪದ ಸಸಿಗಳನ್ನು ಕಿತ್ತು ಬನ್ನಿ. ಕಾರೆ, ಮುಳ್ಳುಬಾರಿ, ತಂಗಡಿ ಕಂಡರೆ ಮುಟ್ಟಬೇಡಿ. ಬಾರಿ ಹಣ್ಣು ಆ ಸಣ್ಣ ನರಿಯ ಊಟ.

ಹುಲ್ಲನ್ನು ಬಿತ್ತುವ ಅವಸರವೂ ಬೇಡ. ಜೂನ್‌ನಿಂದ ನವೆಂಬರ್‌ವರೆಗೆ ಮೇಯಿಸದೆ ಬಿಟ್ಟರೆ ಇದ್ದ ಹುಲ್ಲೇ ಬೀಜ ಉದುರಿಸುತ್ತದೆ. ಎರಡು ಮಳೆಗಾಲ ಕಳೆದರೂ ಬೋಳಾಗಿ ಉಳಿದ ತುಂಡಿಗೆ ಮಾತ್ರ ಬಿತ್ತಿ. ಅಂಜನ ಹುಲ್ಲಾದರೆ ಎಕರೆಗೆ ಸುಮಾರು 2 ಕೆ.ಜಿ. ಬೀಜ ಸಾಕು. ಹೊಸ ಬೀಜ ಮೊಳೆಯುವುದಿಲ್ಲ, ಹಿಂದಿನ ವರ್ಷದ್ದು ಬೇಕು. ಹೆಚ್ಚಿನವರು ಸೋಲುವುದು ಇಲ್ಲೇ, ಆಮೇಲೆ ಮಳೆಯನ್ನು ಬೈಯುತ್ತಾರೆ. ಜೊಂಡಿನಂಥ ಹಗುರ ಬೀಜ, ಗಾಳಿಗೆ ಹಾರುತ್ತದೆ, ಉಳಿದದ್ದನ್ನು ಇರುವೆ ಹೊರುತ್ತದೆ. ಸಗಣಿ, ಜರಡಿ ಹಿಡಿದ ಮಣ್ಣು ಸೇರಿಸಿ ಕಡಲೆಕಾಳಿನ ಗಾತ್ರದ ಉಂಡೆ ಮಾಡಿ, ನೆರಳಲ್ಲಿ ಒಣಗಿಸಿ. ಗೀರು ಎಳೆದು ಹಾಕಿ ಮೇಲೆ ಮುಳ್ಳುಕೊಂಬೆ ಎಳೆದರೆ ಸಾಕು, 1 ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಹುಲ್ಲು ಗುರುತಿಸಲು ತೊಡಕಾದರೆ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಧಾರವಾಡದಲ್ಲೇ ಇದೆ, ಮಾದರಿ ಒಯ್ದು ಕೇಳಿ.

ಕುರಿಹಟ್ಟಿ:
ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ಆ 24 ಎಕರೇದಾಗ ಈಗ ಯಾರ ಕುರಿ ಮೇಯಾಕತ್ತಾವು ಅಂತ ಯಾರೂ ಕೇಳವಲ್ರಿ. ಪಟ್ಟಾ ನಾಲ್ಕ ಮನೀದು ಖರೆ, ಮೇವು ಊರಂದು. ಜೂನ್‌ದಾಗ ಏಕಾಏಕಿ ಬಂದ್ ಮಾಡಿದ್ರ ಮೊದಲ ವಾರದಾಗ ಬೇಲಿ ಮುರೀತೈತಿ, ಹುಲ್ಲ ಒಣಗಿದ ಮ್ಯಾಲೆ ಬೆಂಕಿ ಬೀಳ್ತೈತಿ. ಹಂಚಿಕಡ್ಡಿಯವ್ರು ವರ್ಷಕ್ಕ 6 ಎಕರೆ ಅಂದಾರಲ್ಲ, ಬಂದ್ ಮಾಡೂದೂ ಅಷ್ಟ ಮಾಡ್ರಿ. ಉಳಿದದ್ದು ಮೇಯಾಕ ಬಿಡ್ರಿ. ಡಿಸೆಂಬರ್‌ದಾಗ ಹುಲ್ಲ ಕೊಯ್ಯಾಕ ಮೊದಲ ಹಕ್ಕು ಆ ಕುರಿಯವ್ರಿಗೇ ಕೊಡ್ರಿ, ಹರಾಜ ಮಾಡಬ್ಯಾಡ್ರಿ. ಬುಡ ಗೇಣುದ್ದ ಬಿಟ್ಟು ಕೊಯ್ಯಬೇಕು ಅಂತ ಕರಾರ ಇರ್ಲಿ. ಬದಲಿಗಿ ರಾತ್ರಿ ಹೊಲದಾಗ ಕುರಿ ತರುಬಸ್ರಿ, ಗೊಬ್ಬರ ನಿಮಗ, ಮೇವು ಅವ್ರಿಗೆ. ಇದು ಹೊಸಾದೇನಲ್ಲ, ನಮ್ಮ ಸೀಮ್ಯಾಗ ಮೊದಲಿಂದ ನಡಕೊಂಡ ಬಂದದ್ದ.

ಇನ್ನ ತೋಳದ ಮಾತು. ರಾತ್ರಿ ಕುರಿ ಸಾಯೂದು ತೋಳ ಹಟ್ಟಿ ಸುತ್ತಿನ ಬಲಿ (ಬಲೆ) ಜಿಗದ ಒಳಗ ಬರೂದ್ರಿಂದ ಕಡಿಮಿ. ವಾಸನಿಗೆ ಕುರಿ ಬೆದರಿ ಒಂದ ಮೂಲಿಗೆ ನುಗ್ಗತಾವು, ಗೂಟ ಕಿತ್ತು ಬಲಿ ಬೀಳ್ತೈತಿ, ಹೊರಗ ಚದರಿದವನ್ನ ಹಿಡೀತೈತಿ. ಅದಕ ಬಲಿ ಎತ್ತರ ಮಾಡೂಕಿಂತ ಗೂಟ ಗಟ್ಟಿ ಮಾಡ್ರಿ. ಎರಡೆರಡ ಮಾರಿಗೆ ಒಂದ ಗೂಟ ಸಾಲೂದಿಲ್ಲ, ಆರ ಫೂಟಿಗೊಂದು ಬೇಕು. ಮೂಲಿ ಗೂಟಕ್ಕ ಹೊರಗಿನಿಂದ ಓರೆ ಆಸರ ಕೊಡ್ರಿ. ಚೌಕ ಹಟ್ಟಿಕಿಂತ ದುಂಡ ಹಟ್ಟಿ ಚಲೋ, ನುಗ್ಗಾಕ ಮೂಲೀನ ಇರೂದಿಲ್ಲ. ಮರಿ ನಡುವ ಬ್ಯಾರೆ ಕೂಡ್ರಿ. ಮಿಣುಕು ದೀಪ ದಿನಾ ಜಾಗ ಬದಲ ಮಾಡ್ರಿ, ಒಂದೇ ಕಡೆ ಕಟ್ಟಿದ್ರ ಕೆಲವು ವಾರಕ್ಕ ತೋಳಕ್ಕ ರೂಢಿ ಆಗ್ತೈತಿ. ನಾಯಿಗೆ ಮುಳ್ಳಿನ ಪಟ್ಟಿ ಹಾಕ್ರಿ, ಕುತ್ತಿಗಿ ಉಳೀತೈತಿ.

ಜೋಳದರಾಶಿ:
ಕುರಿಹಟ್ಟಿ ಅಣ್ಣಾರು ಹೇಳಿದ್ದು ಸರಿ. ಆದರೆ 62 ಎಕರೆಗೂ ಸುತ್ತ ಸೋಲಾರ್ ಬೇಲಿ ಹಾಕಿಬಿಟ್ಟರೆ ಈ ಎಲ್ಲ ತಾಪತ್ರಯ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ? ಚಿಗರಿ ಒಳಗೆ, ಕುರಿ ಹೊರಗೆ.

ತಂತಿಗೂಟ:
ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ತೋಳ ಓಡಾಡುವುದು ನೂರಾರು ಚದರ ಕಿ.ಮೀ. ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮವೇ ಸುಮಾರು 332 ಹೆಕ್ಟೇರ್. ಅಷ್ಟೂ ಒಂದು ಗುಂಪಿಗೆ ಅಂಗಳವಿದ್ದ ಹಾಗೆ. ನಿಮ್ಮ 62 ಎಕರೆ ಅವು ಹಾದುಹೋಗುವ ದಾರಿ, ದಾರಿಗೆ ಯಾರಾದರೂ ಬೇಲಿ ಹಾಕುತ್ತಾರೆಯೇ? ಬೇಲಿ ಬೇಕಾದದ್ದು ಬೆಳೆಗೆ, ಅದೂ ಶೇಂಗಾ ಬಿತ್ತಿದ ತುಂಡಿಗೆ ಮಾತ್ರ. ಹಳ್ಳದ ಎರಡೂ ಬದಿ ಖುಲ್ಲಾ ಇರಲಿ.

ಹಾಕುವವರು ಗಮನಿಸಬೇಕಾದ್ದು. ಕಂಬದ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ, ಅದಕ್ಕೆ ಮನುಷ್ಯರೇ ಸತ್ತಿದ್ದಾರೆ. ಸೋಲಾರ್ ಯಂತ್ರ ಸೆಕೆಂಡಿಗೊಂದು ಬಾರಿ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನ ಏಟು ಕೊಡುತ್ತದೆ, ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ನಮ್ಮ ಕಡೆ ಅದು ಕೈಕೊಡುವುದು ಏಪ್ರಿಲ್‌ನಲ್ಲಿ. ಏಟು ತಗುಲಬೇಕಾದರೆ ಕರೆಂಟು ಪ್ರಾಣಿಯ ಕಾಲಿನಿಂದ ನೆಲಕ್ಕಿಳಿದು ಯಂತ್ರದ ಅರ್ಥಿಂಗ್ ಸರಳಿಗೆ ವಾಪಸು ಬರಬೇಕು. ಒಣಗಿದ ಮಸಾರಿ ನೆಲದಲ್ಲಿ ಅದು ಬರುವುದೇ ಇಲ್ಲ. ಮೀಟರಿನಲ್ಲಿ 7,000 ವೋಲ್ಟ್ ತೋರಿಸುತ್ತದೆ, ಚಿಗರಿ ಮೂತಿ ಒತ್ತಿ ನುಸುಳಿ ಹೋಗಿರುತ್ತದೆ. ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಅರ್ಥಿಂಗ್ ನೋಡಿ. ತಂತಿಗಳನ್ನು ಒಂದು ಬಿಟ್ಟು ಒಂದು ಕರೆಂಟು, ಅರ್ಥ್ ಎಂದು ಕಟ್ಟಿದರೆ ಎರಡನ್ನೂ ಒಟ್ಟಿಗೆ ಮುಟ್ಟಿದ ಪ್ರಾಣಿಗೆ ನೆಲ ಹೇಗಿದ್ದರೂ ಏಟು ಬೀಳುತ್ತದೆ. ಆರಡಿ ಉದ್ದದ ಮೂರು ಸರಳು, ಹತ್ತಡಿಗೊಂದರಂತೆ, ಬೋರ್‌ವೆಲ್‌ನ ಪೋಲು ನೀರು ಬೀಳುವ ಕಡೆ ಹೊಡೆಯಿರಿ.

ಚಿಗರಿ ಜಿಗಿಯುವುದಕ್ಕಿಂತ ಕೆಳಗೆ ನುಸುಳುವುದೇ ಹೆಚ್ಚು. ಹಾಗೆಂದು ತೀರಾ ಕೆಳಗಿನ ತಂತಿಗೆ ಕರೆಂಟು ಬಿಡಬೇಡಿ. ಚಿಪ್ಪುಹಂದಿ ಅದಕ್ಕೆ ತಾಗಿದರೆ ಹಿಂದಕ್ಕೆ ಓಡುವುದಿಲ್ಲ, ತಂತಿಯ ಸುತ್ತಲೇ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಏಟು ಬಿದ್ದಷ್ಟೂ ಬಿಗಿಯುತ್ತದೆ, ಬೆಳಗಾಗುವುದರಲ್ಲಿ ಸತ್ತಿರುತ್ತದೆ. 20 ಸೆಂ.ಮೀ.ನಲ್ಲಿ ಅರ್ಥ್ ತಂತಿ, 40ರಲ್ಲಿ ಕರೆಂಟು, 65ರಲ್ಲಿ ಅರ್ಥ್, 95ರಲ್ಲಿ ಕರೆಂಟು, 130ರಲ್ಲಿ ಮತ್ತೆ ಅರ್ಥ್. ಬುಡದ ಕಳೆ ಕರೆಂಟಿನ ತಂತಿಗೆ ತಾಗದಂತೆ ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ಸವರಬೇಕು. ಹಳೆ ಸೀರೆ ಕಟ್ಟುವುದಾದರೆ ಕಟ್ಟಿ, ಮೀನಿನ ಬಲೆ ಬೇಡವೇ ಬೇಡ. ಗಂಡು ಚಿಗರಿಯ ತಿರುಚುಕೊಂಬು ಅದರಲ್ಲಿ ಸಿಕ್ಕರೆ ಬಿಡಿಸಲು ಮನುಷ್ಯ ಹತ್ತಿರ ಹೋದ ಗಾಬರಿಗೇ ಪ್ರಾಣ ಬಿಡಬಹುದು.

ಕಡತದಕಟ್ಟು:
ಬೆಳೆ ಹಾನಿಗೆ ಅರಣ್ಯ ಇಲಾಖೆಯ ಇ-ಪರಿಹಾರ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬಹುದು, ಇದನ್ನು ಸೇರಿಸಲು ಮರೆತಿದ್ದೆ. ಚಿತ್ರದಲ್ಲಿ ಹೆಜ್ಜೆಗುರುತೂ ಕಡಿದ ಗಿಡವೂ ಒಟ್ಟಿಗೆ ಇರಲಿ. ಕುರಿ ಸತ್ತರೆ ಹೆಣವನ್ನು ಅಲ್ಲಿಂದ ಕದಲಿಸಬೇಡಿ, ಪಶುವೈದ್ಯರು ನೋಡುವವರೆಗೆ ಮುಳ್ಳು ಮುಚ್ಚಿಡಿ.

ಪಶುದವಾಖಾನೆ:
ಹೆಣದ ಮಾತು ಬಂತು, ಅದಕ್ಕೇ ಹೇಳುತ್ತೇನೆ. ತೋಳ ಎಂದು ಬರೆಸುವ ಸಾವುಗಳಲ್ಲಿ ನಾಯಿ ಕಚ್ಚಿದ್ದೂ ಸಾಕಷ್ಟು ಇರುತ್ತದೆ. ತೋಳ ಗಂಟಲು ಹಿಡಿಯುತ್ತದೆ, ಸಾಧ್ಯವಾದರೆ ಎತ್ತಿಕೊಂಡು ಹೋಗಿ ತಿನ್ನುತ್ತದೆ. ನಾಯಿ ಹಿಂದೊಡೆ, ಬಾಲದ ಬುಡ, ಕಿವಿ ಹರಿಯುತ್ತದೆ, ಐದಾರಕ್ಕೆ ಗಾಯ ಮಾಡಿ ತಿನ್ನದೆ ಬಿಟ್ಟು ಹೋಗುತ್ತದೆ. ಸಂಶಯವಿದ್ದರೆ ಗಂಟಲಿನ ಚರ್ಮ ಸುಲಿದು ಒಳಗೆ ನೋಡಿ. ಬದುಕಿದ್ದಾಗ ಆದ ಕಡಿತದ ಕೆಳಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಸತ್ತ ಮೇಲೆ ಕಚ್ಚಿದ್ದರೆ ಇರುವುದಿಲ್ಲ.

ನನ್ನ ಪ್ರಕಾರ ನಿಮ್ಮ ಊರಿನ ತೋಳಕ್ಕೆ ಬಂದೂಕಿಗಿಂತ ದೊಡ್ಡ ಕುತ್ತು ನಾಯಿಯೇ. ಹುಚ್ಚುರೋಗ, ಡಿಸ್ಟೆಂಪರ್ ಎಂಬ ನಾಯಿರೋಗ ಎರಡೂ ನಾಯಿಯಿಂದ ತೋಳಕ್ಕೂ ನರಿಗೂ ದಾಟುತ್ತವೆ. ತೋಳ, ನಾಯಿ ಕೂಡಿ ಮಿಶ್ರತಳಿಯೂ ಹುಟ್ಟುತ್ತದೆ. ಸುತ್ತಲಿನ ಊರುಗಳ ನಾಯಿಗಳಲ್ಲಿ ನೂರಕ್ಕೆ 70ಕ್ಕಾದರೂ ಹುಚ್ಚುರೋಗದ ಲಸಿಕೆ ಆಗಬೇಕು, ವರ್ಷ ವರ್ಷವೂ ಆಗಬೇಕು. ಕುರಿಹಟ್ಟಿಯ ನಾಯಿಗಳಿಂದ ಶುರು ಮಾಡಿ, ತೋಳಕ್ಕೆ ಹತ್ತಿರ ಬರುವುದು ಅವೇ, ಯಜಮಾನ ಹಿಡಿದು ಕೊಡುತ್ತಾನೆ. ಅವಕ್ಕೆ ಡಿಸ್ಟೆಂಪರ್ ಸೇರಿದ ಲಸಿಕೆಯನ್ನೂ ಹಾಕಿಸಿ. ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಒಯ್ದರೆ ನೀರು ಚುಚ್ಚಿದಂತೆ. ಬೀದಿನಾಯಿ ಹಿಡಿದು ಬೇರೆ ಊರಿಗೆ ಬಿಟ್ಟುಬರುವ ಆಲೋಚನೆ ಬೇಡ, 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಂತೆ ಸಂತಾನಹರಣ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು. ಅದು ಪಂಚಾಯಿತಿಯ ಜವಾಬ್ದಾರಿ, ಪಿಡಿಒಗೆ ಬರಹದಲ್ಲಿ ಕೊಡಿ. ಎಲ್ಲಕ್ಕಿಂತ ಮೊದಲು ಕೋಳಿ ಅಂಗಡಿಯ ತ್ಯಾಜ್ಯ ಹಳ್ಳಕ್ಕೆ ಸುರಿಯುವುದನ್ನು ನಿಲ್ಲಿಸಿ. ಅದು ಇರುವವರೆಗೆ ಲಸಿಕೆಯ ಲೆಕ್ಕ ಕೂಡುವುದೇ ಇಲ್ಲ.

ಮಸಾರಿಹೊಲ:
ನೀರಿನ ತೊಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ.

ಹಂಚಿಕಡ್ಡಿ:
ಬೇಕೆಂದು ಖಾತ್ರಿಯಾಗದೆ ಕಟ್ಟಬೇಡಿ. ಲೆಕ್ಕ ಹಾಕಿ ನೋಡಿ. ತಟ್ಟೆಯಾಕಾರದ ತೊಟ್ಟಿ, ಅಗಲ 3 ಮೀಟರ್, ನಡುವೆ ಆಳ 20 ಸೆಂ.ಮೀ., ಹಿಡಿಯುವುದು ಸುಮಾರು 470 ಲೀಟರ್. ಮೇಲ್ಮೈ 7 ಚದರ ಮೀಟರ್. ಏಪ್ರಿಲ್ ಬಿಸಿಲಿಗೆ ದಿನಕ್ಕೆ 8-9 ಮಿ.ಮೀ. ಹಾರಿದರೂ ಒಂದು ಪ್ರಾಣಿಯೂ ಬಾಯಿ ಹಾಕದೆ 60 ಲೀಟರ್ ಹೋಯಿತು. ನಾಲ್ಕೈದು ದಿನಕ್ಕೊಮ್ಮೆ ತುಂಬಲೇಬೇಕು. ಮಾರ್ಚ್‌ನಲ್ಲಿ ಶುರು ಮಾಡಿ ಮೇ ತಿಂಗಳಲ್ಲಿ ಟ್ಯಾಂಕರ್ ನಿಂತರೆ, ನಂಬಿ ಬಂದ ಚಿಗರಿ ನೇರ ನಿಮ್ಮ ತರಕಾರಿ ಮಡಿಗೆ ಇಳಿಯುತ್ತದೆ. ಜೊತೆಗೆ ನಾಯಿಗಳೂ ಅಲ್ಲೇ ಬೀಡುಬಿಡುತ್ತವೆ. ಎರಡು ಕಿ.ಮೀ. ಒಳಗೆ ಬೇಸಿಗೆಯಲ್ಲೂ ನೀರು ನಿಲ್ಲುವ ಹೊಂಡ ಇದ್ದರೆ ತೊಟ್ಟಿಯ ಸುದ್ದಿಗೇ ಹೋಗಬೇಡಿ.

ಕಟ್ಟುವುದೇ ಆದರೆ ಹೊಲದಿಂದ, ರಸ್ತೆಯಿಂದ ಕನಿಷ್ಠ 200 ಮೀಟರ್ ದೂರ, ಸುತ್ತ ಬಯಲು. ಅಂಚು ನೆಲಮಟ್ಟಕ್ಕೆ ಇರಲಿ, ಇಳಿಜಾರು ಒರಟಾಗಿರಲಿ. ನುಣುಪಾಗಿ ಗಿಲಾವು ಮಾಡಿದರೆ ಗೌಜಲ ಮರಿ ಜಾರಿ ಬಿದ್ದು ಮೇಲೆ ಬರಲಾರದು. ಸಿಮೆಂಟಿನ ಮೊದಲ ನೀರು ಕ್ಷಾರ, ವಾರ ನಿಲ್ಲಿಸಿ ಚೆಲ್ಲಿ, ಎರಡು ಸಲ. ಆಮೇಲೆ ಹತ್ತು ದಿನಕ್ಕೊಮ್ಮೆ ಬರಿದು ಮಾಡಿ ತಿಕ್ಕಿ, ಒಂದು ದಿನ ಬಿಸಿಲಿಗೆ ಬಿಡಿ.

ತಂತಿಗೂಟ:
ತೊಟ್ಟಿಯ ದುಡ್ಡನ್ನು ಬಾವಿಗೆ ಹಾಕಿ. ದಂಡೆಯಿಲ್ಲದ ಹಾಳುಬಾವಿ ಎಷ್ಟಿವೆ ಎಂದು ಸುತ್ತ ಎರಡು ಕಿ.ಮೀ. ಒಳಗೆ ನಡೆದು ಎಣಿಸಿ. ಗಿರ್ ಸುತ್ತ ಸಿಂಹ ಬೀಳುತ್ತವೆಂದು ಸಾವಿರಾರು ಬಾವಿಗೆ ಗೋಡೆ ಕಟ್ಟಿಸಿದ್ದಾರೆ, ನಮ್ಮಲ್ಲಿ ಬೀಳುವ ತೋಳಕ್ಕೆ ಲೆಕ್ಕ ಇಟ್ಟವರಿಲ್ಲ. ನಾಲ್ಕಡಿ ಗೋಡೆ ಸಾಕು, ಆದರೆ ಬಾಯಿಯ ಅಂಚಿಗೇ ಕಟ್ಟಬೇಡಿ, ಮಣ್ಣು ಕುಸಿದು ಗೋಡೆಯೂ ಒಳಗೆ ಹೋಗುತ್ತದೆ. ಎರಡಡಿ ಹಿಂದೆ ಸರಿಸಿ, ಗಟ್ಟಿ ನೆಲ ಸಿಗುವವರೆಗೆ ಪಾಯ ತೆಗೆಯಿರಿ. ಮುಳ್ಳು ಹಾಕಿ ಮುಚ್ಚುವುದು ಒಂದು ಮಳೆಗಾಲದ ಮಾತು, ಕೊಳೆತ ಮೇಲೆ ನೆಲ ಯಾವುದು ಬಾವಿ ಯಾವುದು ಗೊತ್ತಾಗದೆ ಇನ್ನೂ ಅಪಾಯ. ಮೆಟ್ಟಿಲ ಬಾವಿಯಾದರೆ ಮೆಟ್ಟಿಲ ಮೇಲಿನ ಜಾಲಿ ತೆಗೆದಿಡಿ, ಬಿದ್ದದ್ದು ತಾನೇ ಹತ್ತಿ ಬರುತ್ತದೆ.

ಗಾಳಿಕಂಬ:
ಎಲ್ಲರೂ ಕೆಲಸ ಹೇಳುತ್ತಿದ್ದೀರಿ, ದುಡ್ಡಿನ ಮಾತು ಯಾರೂ ಆಡುತ್ತಿಲ್ಲ. ಪಾವಗಡದ ಸೌರ ಪಾರ್ಕಿಗೆ ರೈತರು ಸುಮಾರು 13,000 ಎಕರೆ ಕೊಟ್ಟದ್ದು ಎಕರೆಗೆ ವರ್ಷಕ್ಕೆ ₹21,000 ಗುತ್ತಿಗೆಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಆ ಲೆಕ್ಕದಲ್ಲಿ ನಿಮ್ಮ 24 ಎಕರೆಗೆ ವರ್ಷಕ್ಕೆ ₹5,04,000. ಕಂಪನಿಯವರು ನಾಳೆ ನಿಮ್ಮ ಬಾಗಿಲಿಗೂ ಬರುತ್ತಾರೆ. ಆಗ?

ಮಸಾರಿಹೊಲ:
ಅಷ್ಟು ಹಣವನ್ನು ಯಾವ ಸಂರಕ್ಷಣೆಯೂ ಕೊಡದು, ಗೊತ್ತು. ಆದರೆ ಈ 24 ಎಕರೆ ಕಲ್ಲುದಿಣ್ಣೆ ಮತ್ತು ಕೊರಕಲು. ಮಟ್ಟ ಮಾಡುವ ಖರ್ಚಿಗೇ ಅವರು ಹಿಂದೆ ಸರಿಯುವಂಥದ್ದು. ಬಂದರೆ ಆ 38 ಎಕರೆಗೆ ಬರುತ್ತಾರೆ.

ಕುರಿಹಟ್ಟಿ:
ಎಕರೆ ಲೆಕ್ಕದಾಗ ದುಡ್ಡ ಹಂಚೂದ ಬ್ಯಾಡ್ರಿ. ಕುರಿ ನಿಧಿ ಮಾಡ್ರಿ. ಹತ್ತ ಹಟ್ಟಿ ಕೂಡಿ 1,200 ಕುರಿ ಅಂದ್ರ ತಲಿಗೆ ₹20ರಂತೆ ₹24,000 ಆಗ್ತೈತಿ. ಸರ್ಕಾರದ ಪರಿಹಾರ ಬರೂತನಾ ಕೈಗಡ ಅಂತ ಕುರಿಗೆ ₹2,000 ಕೊಟ್ರ 12 ಕುರಿಗೆ ಸಾಕು. ಪರಿಹಾರ ಬಂದ ಮ್ಯಾಲೆ ನಿಧಿಗೆ ವಾಪಸ್ ಕಟ್ಟಬೇಕು. ಪೂರಾ ದಾನ ಅಂತ ಕೊಟ್ರ ವರ್ಷ ತುಂಬೂದ್ರಾಗ ಖಾಲಿ. ಮತ್ತ ಡಾಕ್ಟರ್ ಸಾಹೇಬ್ರು ಹೇಳಿದಂಗ ಗಂಟಲ ನೋಡಿನ ಕೊಡ್ರಿ, ಇಲ್ಲಾಂದ್ರ ನಾಯಿ ಕಡದದ್ದು, ಬ್ಯಾನಿ ಬಿದ್ದು ಸತ್ತದ್ದು ಎಲ್ಲಾ ತೋಳದ ಹೆಸರಿಗೆ ಬೀಳ್ತೈತಿ. ಸತ್ತ ಕುರಿಗೆ ವಿಷ ಹಾಕಿ ಇಟ್ಟವ್ರಿಗೆ ನಿಧೀನೂ ಇಲ್ಲ, ಹುಲ್ಲೂ ಇಲ್ಲ ಅಂತ ಮೊದಲ ಬರ್ಕೊಳ್ರಿ.

ಪಶುದವಾಖಾನೆ:
ಒಂದು ಮಾತು ಬಿಟ್ಟುಹೋಗಿತ್ತು. ತೋಳ ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ ಮರಿ ಹಾಕುತ್ತದೆ, ಮರಿ ಬಿಲದ ಬಾಯಿಗೆ ಬರಲು ಮೂರು ವಾರ ಬೇಕು. ಹಂಚಿಕಡ್ಡಿಯವರು ಫೆಬ್ರವರಿಯಲ್ಲಿ ಜಾಲಿ ಕಡಿಯಿರಿ ಎಂದರಲ್ಲ, ಹಳ್ಳದಿಂದ 300 ಮೀಟರ್ ಒಳಗೆ ಆ ಕೆಲಸ ಮಾರ್ಚ್ ಮುಗಿಯುವವರೆಗೆ ಬೇಡ. ಜನ ಸುಳಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಕಡೆ ಒಯ್ಯುತ್ತದೆ, ಆ ಓಡಾಟದಲ್ಲೇ ನಾಯಿಗೆ ಸಿಗುತ್ತವೆ. ಬಿಲದ ಚಿತ್ರವನ್ನು ವಾಟ್ಸ್ಆ್ಯಪ್‌ಗೆ ಹಾಕಿದರೆ ಮರುದಿನವೇ ಕ್ಯಾಮೆರಾ ಹಿಡಿದ ಜೀಪು ಬರುತ್ತದೆ.

ಹಂಚಿಕಡ್ಡಿ:
ಒಪ್ಪಿದೆ. ಹಾಗಾದರೆ ಮೊದಲ ವರ್ಷದ 6 ಎಕರೆಯನ್ನು ದಿಣ್ಣೆಯ ಮೇಲ್ಭಾಗದಲ್ಲಿ ಹಿಡಿಯಿರಿ, ಹಳ್ಳದ ಹತ್ತಿರದ್ದು ಮೂರನೇ ವರ್ಷಕ್ಕೆ.

ಮಸಾರಿಹೊಲ:
ಸರಿ. ಸಸಿಯವರಿಗೆ ಬೇಡ ಎಂದು ಹೇಳಿದೆವು. ಬಾವಿ ಎಣಿಸುವುದು ಈ ವಾರ. ಮೇಲ್ಭಾಗದ 6 ಎಕರೆ ಎರಡು ಮನೆಯ ಗಡಿಗೆ ಬರುತ್ತದೆ, ಬಾಂದುಕಲ್ಲು ಒಂದೂ ಕಾಣುತ್ತಿಲ್ಲ.

ಕಡತದಕಟ್ಟು:
ಹಾಗಿದ್ದರೆ ಜಾಲಿ ಕಡಿಯುವ ಮೊದಲೇ ಹದ್ದುಬಸ್ತಿಗೆ, ಅಂದರೆ ಗಡಿ ಅಳತೆಗೆ, ಅರ್ಜಿ ಹಾಕಿ. ಭೂಮಾಪಕರು ಬರುವ ದಿನ ನಾಲ್ಕೂ ಮನೆಯವರ ಜೊತೆ ಪಕ್ಕದ ಜಮೀನಿನವರೂ ಇರಲಿ, ನೋಟಿಸು ಮುಟ್ಟಿದ್ದಕ್ಕೆ ಸಹಿ ಇಟ್ಟುಕೊಳ್ಳಿ. ಕಂಟಿಯೊಳಗೆ ಸರಪಳಿ ಎಳೆಯಲಾಗದೆ ವಾಪಸು ಹೋಗಬಾರದು, ಗಡಿಗುಂಟ ಮೂರಡಿ ಅಗಲ ಮಾತ್ರ ಸವರಿ ದಾರಿ ಮಾಡಿಡಿ.